ಅಂಬಿಯ ಆಟ ನೋಡಿದವರು

ಮೇಳಿಗೆ
೨೧ ಫೆಬ್ರವರಿ ೧೯೮೩

ಪ್ರೀತಿಯ ಮುಕುಂದ,

ನಿನ್ನ ಅಮ್ಮ ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಾವಿಲ್ಲಿ ಚೆನ್ನಾಗಿದ್ದೇವೆ. ನೀನು, ಮೀನಾಕ್ಷಿ, ಮಗು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮಗುವಿಗೆ ಹಲ್ಲು ಬಂತೇ? ಸಾಗರದಿಂದ ಬಂದ ಕೂಡಲೇ ನಿನಗೆ ಕಾಗದ ಹಾಕಬೇಕಿತ್ತು. ಬಂದ ಮಾರನೆಯ ದಿನವೇ ನಿನ್ನ ಅಪ್ಪಯ್ಯನಿಗೆ ಸೊಂಟ ಹಿಡಿದುಕೊಂಡಿತು. ಆಮೇಲೆ ಭತ್ತ ಮಿಲ್ಲಿಗೆ ಕಳಿಸುವ ಗಡಿಬಿಡಿ. ಇವೆಲ್ಲ ನೆವ ಎಂದರೆ ನೆವವೇ. ಎರಡು ಸಲ ಬರೆಯಲು ಕೂತು ಎದ್ದೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ.

ನಾನೂ ನಿನ್ನ ತಂಗಿ ಅಂಬಿಯೂ ಸಾಗರದಲ್ಲಿದ್ದಷ್ಟು ದಿನವೂ ನೀನು ಅಂಗಡಿಯ ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದೆಯೆಂದು ಮೀನಾಕ್ಷಿ ಹೇಳಿದಳು. ನಿಮ್ಮ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತು ಮಾತಾಡಿದಳು, ಪಾಪ, ಒಳಗೆ ನಿನ್ನ ಮಾವನವರಿದ್ದರು. ನಾವು ಶಾಲೆಯೊಂದರ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಉಳಿದೆವು. ನಮಗೇನೂ ತೊಂದರೆಯಾಗಲಿಲ್ಲ. ಅಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ನಿನಗೆ ಹೇಳಬೇಕೆಂದು ಈ ಕಾಗದ.

ಇದೆಲ್ಲ ಯಾತಕ್ಕೆ ಎಂಬುದು ನಿನಗೆ ಅಷ್ಟಿಷ್ಟು ಗೊತ್ತು. ಡೆನ್ಮಾರ್ಕ್ ಎಂಬ ದೇಶದಲ್ಲಿ ಈ ಜುಲೈ ತಿಂಗಳು ಹದಿನಾರು ವರ್ಷದೊಳಗಿನ ಹುಡುಗಿಯರಿಗೆ ಫುಟ್‌ಬಾಲ್ ಪಂದ್ಯಗಳು. ನಮ್ಮ ದೇಶದಿಂದ ಒಂದೇ ತಂಡ ಹೋಗುವುದು. ಯಾವ ತಂಡವೆಂದು ತೀರ್ಮಾನಿಸಲು ಅರ್ಹತಾ ಸುತ್ತುಗಳು. ನಮ್ಮ ರಾಜ್ಯದ ಸುತ್ತು ಸಾಗರದಲ್ಲಿ ನಡೆಯಿತು. ಅಲ್ಲಿ ಗೆದ್ದವರು ಏಪ್ರಿಲ್‌ನಲ್ಲಿ ಮದ್ರಾಸಿಗೆ ಹೋಗಬೇಕು, ಮದ್ರಾಸಿನಲ್ಲಿ ಗೆದ್ದವರು ವಿಮಾನ ಹತ್ತುವುದು. ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ಕಡೆಯ ಹುಡುಗಿಯರನ್ನು ಆರಿಸಿ ವಾಗ್ದೇವಿ ಟೀಚರ್ ಒಂದು ತಂಡ ಕಟ್ಟಿದ್ದಾರೆ. ಅವರೇ ಅಂಬಿಯ ಶಾಲೆಯ ಆಟದ ಟೀಚರು, ಸಾಗರದ ಕಡೆಯವರು. ವಯಸ್ಸು ಚಿಕ್ಕದು, ಗಂಟಲು ಮಾತ್ರ ಗುಡ್ಡದಾಚೆ ಕೇಳುತ್ತದೆ.

ಇವರಿನ್ನೂ ಮದುವೆಯಾಗದ ಹುಡುಗಿ, ಇವರ ಜೊತೆ ಮಕ್ಕಳನ್ನು ಹೇಗೆ ಕಳಿಸುವುದು, ಹಿರಿಯ ಹೆಂಗಸೊಬ್ಬರು ಇರಲೇಬೇಕು ಎಂದು ತಾಯಿತಂದೆಯರು ಹಟ ಹಿಡಿದರು. ಟೀಚರು ನಮ್ಮ ಮನೆಗೆ ಬಂದು ನನ್ನನ್ನು ಕೇಳಿದರು. ದೀಪಾವಳಿ ಹೊತ್ತಿಗೆ ನೀನು ಬರೆದ ಕಾಗದ ಅಪ್ಪಯ್ಯನ ಮನಸ್ಸಿನಲ್ಲಿತ್ತು. ಹದಿನೈದು ತುಂಬಿದ ಹುಡುಗಿ ಚಡ್ಡಿ ಹಾಕಿಕೊಂಡು ಊರವರೆದುರು ಓಡುವುದು ನಮ್ಮ ಮನೆತನಕ್ಕೆ ಸರಿಯಲ್ಲ, ನನಗೆ ಇಲ್ಲಿ ತಲೆ ಎತ್ತಲು ಆಗುವುದಿಲ್ಲ ಎಂದು ಬರೆದಿದ್ದೆಯಲ್ಲ. ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಬರ್ತೀನಿ ಅಂದುಬಿಟ್ಟೆ. ಟೀಚರು ಹೋದ ಮೇಲೆ ಅಪ್ಪಯ್ಯ ಎಲೆ ಅಡಿಕೆ ಜಗಿಯುತ್ತ, "ಹೋಗೋದಾದ್ರೆ ಎದುರಿಗೇ ಕೂತ್ಕೋ ಮಾರಾಯ್ತಿ. ಯಾರಾದ್ರೂ ಏನಾದ್ರೂ ಅಂದ್ರೆ ನಿನ್ನ ಮುಖ ನೋಡ್ಕೊಂಡು ಅನ್ಲಿ" ಅಂದರು. ಅಷ್ಟೇ ಅವರ ಒಪ್ಪಿಗೆ.

ಮೊದಲ ಪಂದ್ಯ ಹುಬ್ಬಳ್ಳಿಯವರ ಮೇಲೆ. ನಿಜ ಹೇಳಬೇಕೆಂದರೆ ನಮ್ಮವರು ಚೆನ್ನಾಗಿ ಆಡಲಿಲ್ಲ. ಜನ ನೋಡಿ ಹೆದರಿದ್ದರು. ಬೇಲಿಯ ಆಚೆ ನಿಂತ ಕೆಲವರು ಶಿಳ್ಳೆ ಹಾಕುವುದು, "ಅಡುಗೆ ಆಯ್ತಾ ಅಕ್ಕಾ" ಎಂದು ಕೂಗುವುದು ಮಾಡುತ್ತಿದ್ದರು. ಅಂಬಿ ಒಮ್ಮೆ ಚೆಂಡು ಬಿಟ್ಟು ಚಡ್ಡಿಯ ಅಂಚು ಕೆಳಗೆ ಎಳೆದುಕೊಳ್ಳುವುದನ್ನು ನೋಡಿದೆ. ಎದ್ದು ಹೋಗಿ ಶಿಳ್ಳೆ ಹಾಕುವವರ ಪಕ್ಕದಲ್ಲಿ ಬೇಲಿ ಹಿಡಿದು ನಿಂತೆ. ಅವರ ಮುಖವನ್ನೇ ನೋಡಿದೆ. ಒಬ್ಬೊಬ್ಬರಾಗಿ ಜಾಗ ಬದಲಾಯಿಸಿದರು. ಕಡೆಗೆ ಹುಬ್ಬಳ್ಳಿ ಹುಡುಗಿಯೊಬ್ಬಳು ಚೆಂಡು ತಡೆಯಲು ಹೋಗಿ ತನ್ನದೇ ಗೋಲಿಗೆ ತಳ್ಳಿಬಿಟ್ಟಳು. ಹಾಗೆ ಗೆದ್ದೆವು. ಪಾಪ ಆ ಹುಡುಗಿ ನೆಲಕ್ಕೆ ಕೂತು ಅತ್ತದ್ದಕ್ಕೆ ನಮ್ಮವರಿಗೆ ಕುಣಿಯಲೂ ಆಗಲಿಲ್ಲ. ಟೀಚರು ಎಲ್ಲರನ್ನೂ ಕೂರಿಸಿಕೊಂಡು, "ಇವತ್ತು ಅವರು ಸೋತಿದ್ದು, ನೀವು ಗೆದ್ದಿಲ್ಲ. ನಾಳೆ ನೀವು ಗೆಲ್ಬೇಕು" ಅಂದರು.

ಭಾನುವಾರ ಬೆಂಗಳೂರಿನವರ ಮೇಲೆ ಕಡೆಯ ಪಂದ್ಯ. ಆ ಹುಡುಗಿಯರು ಎತ್ತರ, ಒಳ್ಳೆ ಬೂಟು, ಒಬ್ಬರ ಹೆಸರು ಇನ್ನೊಬ್ಬರು ಕೂಗುತ್ತ ಚೆಂಡು ಕೊಡುವ ಚಂದವೇ ಬೇರೆ. ಸ್ವಲ್ಪ ಹೊತ್ತಿಗೆಲ್ಲ ಒಂದು ಗೋಲು ಹೊಡೆದರು. ನಮಗೊಂದು ಪೆನಾಲ್ಟಿ ಸಿಕ್ಕಿತು. ಅಂಬಿ ಹೊಡೆದಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾಯಕಿ ಬೆಳ್ಳಮ್ಮ ಓಡಿ ಬಂದು ಅವಳ ಕೈ ಕಿತ್ತು ತೆಗೆದು, "ಆಮೇಲೆ ಅಳೋಣ ಕಣೆ, ಈಗ ಓಡು" ಅಂದದ್ದು ನನಗೂ ಕೇಳಿಸಿತು. ಈ ಬೆಳ್ಳಮ್ಮ ನಿಟ್ಟೂರಿನವಳು. ಅಂಬಿಗಿಂತ ಮೂರು ತಿಂಗಳು ದೊಡ್ಡವಳು, ಬುದ್ಧಿಯಲ್ಲಿ ಹತ್ತು ವರ್ಷ ದೊಡ್ಡವಳು.

ವಿರಾಮದಲ್ಲಿ ಟೀಚರ ತಾಯಿ ಮಜ್ಜಿಗೆ ತಂದಿದ್ದರು. "ಕೂಸುಗಳೇ, ಆಸ್ರಿಂಗೆ ಮಜ್ಜಿಗೆ ಇದ್ದು, ಬನ್ನಿ" ಎಂದು ಬಾಯಾರಿದ ಮಕ್ಕಳನ್ನು ತಮ್ಮ ಹವ್ಯಕ ಮಾತಿನಲ್ಲಿ ಕರೆದು ಕೊಡುತ್ತಿದ್ದರು. ಅಷ್ಟರಲ್ಲಿ ಬೆಳ್ಳಮ್ಮನ ಸೋದರಮಾವ ಸುಬ್ಬಪ್ಪ ಬೆವರು ಒರೆಸಿಕೊಳ್ಳುತ್ತ ಮೈದಾನಕ್ಕೇ ನುಗ್ಗಿ ಬಂದರು.

"ನಡಿ ನಡಿ. ಗಂಡಿನ ಕಡೆಯೋರು ಮಧ್ಯಾಹ್ನವೇ ಬಂದು ಕೂತಿದಾರೆ. ಇದೇನು ವೇಷ ನಿಂದು?"

ಬೆಳ್ಳಮ್ಮನ ಮುಖ ಬಿಳಿಚಿಕೊಂಡಿತು. ಟೀಚರು ಏನೋ ಹೇಳಲು ಹೋದರು. "ನೀವು ಮಾತಾಡ್ಬೇಡಿ, ನೀವೇ ಇವರ ತಲೆ ಕೆಡಿಸಿದ್ದು" ಎಂದು ಅವರ ಮೇಲೆ ರೇಗಿದರು. ನಾನು ಎದ್ದೆ.

"ಸುಬ್ಬಪ್ಪನೋರೇ, ಗಂಡಿನೋರಿಗೆ ಊಟ ಆಗಿದೆಯೋ?"

"ಆಯ್ತು."

"ಹಾಗಾದ್ರೆ ಅವರಿಗೇನೂ ಕಷ್ಟ ಇಲ್ಲ. ಸಾಗರದಿಂದ ನಿಟ್ಟೂರಿಗೆ ಈಗ ಬಸ್ಸೂ ಇಲ್ಲ. ಸಂಜೆ ಬಸ್ಸಿಗೆ ನಾನೇ ಹತ್ತಿಸ್ತೀನಿ. ಅಲ್ಲೀವರೆಗೆ ನೀವೂ ಇಲ್ಲಿ ಕೂತ್ಕೊಳ್ಳಿ."

"ನಿಮ್ಮ ಮಗಳಾಗಿದ್ರೆ ಹಿಂಗೆ ಹೇಳ್ತಿದ್ರಾ?"

"ನನ್ನ ಮಗಳು ಅಲ್ಲೇ ನಿಂತಿದಾಳೆ, ನೋಡಿ. ಅದೇ ವೇಷದಲ್ಲಿ."

ಟೀಚರ ತಾಯಿ ಅವರ ಕೈಗೊಂದು ಲೋಟ ಮಜ್ಜಿಗೆ ಕೊಟ್ಟರು. ಕೂತರು. ಮನಸ್ಸು ಬದಲಾಯಿಸಿದರು ಎಂದುಕೊಳ್ಳಬೇಡ. ಕಡೆಯವರೆಗೂ ಮೈದಾನಕ್ಕೆ ಬೆನ್ನು ಹಾಕಿಯೇ ಕೂತಿದ್ದರು.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗಿಯರಿಗೆ ಏನಾಯಿತೋ ಗೊತ್ತಿಲ್ಲ. ಇದೇ ಬೆಳ್ಳಮ್ಮನ ಕಡೆಯ ಆಟವಾಗಬಹುದೆಂದು ಎಲ್ಲರಿಗೂ ಅನ್ನಿಸಿರಬೇಕು. ಬೆಳ್ಳಮ್ಮ ತಲೆ ತಗ್ಗಿಸಿ ನುಗ್ಗಿ ಮೊದಲ ಗೋಲು ಹೊಡೆದಳು. ಸಮ ಆಯಿತು. ಆಮೇಲೆ ತುಂಬ ಹೊತ್ತು ಯಾರಿಗೂ ಆಗಲಿಲ್ಲ. ಒಬ್ಬಳ ಮೊಣಕಾಲು ಸುಲಿಯಿತು, ಅಂಬಿಯ ತುಟಿ ಒಡೆದು ರಕ್ತ ಬಂತು. ಟೀಚರು ಹೊರಗೆ ಕರೆದರೂ ಬರಲಿಲ್ಲ, ತೋಳಿನಲ್ಲಿ ಒರೆಸಿಕೊಂಡು ಓಡಿದಳು. ರೆಫರಿ ಗಡಿಯಾರ ನೋಡುವ ಹೊತ್ತಿಗೆ ಬೆಳ್ಳಮ್ಮ ಎಡಗಡೆಯಿಂದ ಚೆಂಡು ಎತ್ತಿ ಹಾಕಿದಳು. ಅಂಬಿಯ ಎದುರಿಗೆ ಇಬ್ಬರು. ಚೆಂಡು ನೆಲಕ್ಕೆ ಬೀಳುವ ಮೊದಲೇ ಎಡಗಾಲಲ್ಲಿ ಹೊಡೆದಳು ನೋಡು! ನನಗೆ ಆಟ ಗೊತ್ತಿಲ್ಲ, ಆದರೆ ಆ ಸದ್ದು ಇನ್ನೂ ಕಿವಿಯಲ್ಲಿದೆ. ಗೋಲಿನಲ್ಲಿದ್ದ ಹುಡುಗಿಗೆ ಅಲುಗಲೂ ಆಗಲಿಲ್ಲ. ಬೇಲಿಯ ಆಚೆ ನಿಂತವರೆಲ್ಲ ಟೋಪಿ ಟವೆಲು ಹಾರಿಸಿದರು, ಹಿಂದಿನ ದಿನ ಶಿಳ್ಳೆ ಹಾಕಿದವರೂ ಸೇರಿ.

ಆಟ ಮುಗಿದ ಮೇಲೆ ಪೇಪರಿನವರೊಬ್ಬರು ಅಂಬಿಯನ್ನು ನಿಲ್ಲಿಸಿ, ಎಡಗಾಲಲ್ಲಿ ಹಾಗೆ ಹೊಡೆಯುವುದನ್ನು ಯಾರಮ್ಮ ಕಲಿಸಿದ್ದು ಎಂದು ಕೇಳಿದರಂತೆ. ಟೀಚರ ಹೆಸರು ಹೇಳುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. "ನಮ್ಮಣ್ಣ. ಗದ್ದೆ ಕೊಯ್ಲಾದ ಮೇಲೆ ದಿನಾ ಸಂಜೆ ಆಡಿಸ್ತಿದ್ದ. ಇದೇ ಊರಲ್ಲಿದಾನೆ, ಇವತ್ತು ಮಂಗಳೂರಿಗೆ ಹೋಗಿದಾನೆ, ಇಲ್ಲಾಂದ್ರೆ ಬರ್ತಿದ್ದ" ಅಂದಳಂತೆ.

ಬೆಳ್ಳಮ್ಮನನ್ನು ಮಾತು ಕೊಟ್ಟಂತೆ ಬಸ್ಸು ಹತ್ತಿಸಿದೆ. ಸೀರೆ ಉಟ್ಟುಕೊಂಡಿದ್ದಳು, ಕಾಲಿಗೆ ಮೆತ್ತಿದ ಕೆಂಪು ಮಣ್ಣು ಹಾಗೇ ಇತ್ತು. ಆ ಗಂಡಿನವರು ಏನೂ ಹೇಳಿ ಕಳಿಸಿಲ್ಲ, ಆದರೆ ಅವಳನ್ನು ಮದ್ರಾಸಿಗೆ ಕಳಿಸುವುದಿಲ್ಲವೆಂದು ಮನೆಯವರು ಟೀಚರಿಗೆ ಹೇಳಿದ್ದಾರೆ. ಬರುವ ಗುರುವಾರ ನಾನೂ ಟೀಚರೂ ನಿಟ್ಟೂರಿಗೆ ಹೋಗುತ್ತಿದ್ದೇವೆ. ಅವಳ ತಾಯಿಯ ಹತ್ತಿರ ಮಾತಾಡಬೇಕು. ಒಂದು ಸಲಕ್ಕೆ ಒಪ್ಪದಿದ್ದರೆ ಇನ್ನೊಂದು ಸಲ ಹೋಗುತ್ತೇನೆ. ಮದುವೆ ಮಾಡಬೇಡಿ ಎನ್ನುವುದಿಲ್ಲ, ಮಗು ಇನ್ನೂ ಹದಿನಾರು ತುಂಬಿಸಿಲ್ಲ, ಗಂಡು ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತೇನೆ.

ಅಪ್ಪಯ್ಯ ಅಂಬಿಯ ಪಾಸ್‌ಪೋರ್ಟಿನ ಅರ್ಜಿಗೆ ಮೊನ್ನೆ ಸಹಿ ಹಾಕಿದರು. ನೀನು ಬೇಡವೆಂದು ಬರೆದದ್ದನ್ನು ಅವರು ಮರೆತಿಲ್ಲ. ಸಹಿ ಹಾಕುವಾಗ, "ಅವನ ಮನೆ ವಿಚಾರ ಅವನು ನೋಡ್ಕೊಳ್ಲಿ, ಇದು ನನ್ನ ಮನೆ" ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೆ ಹೇಳಿದರು. ಮದ್ರಾಸಿನಲ್ಲಿ ಸೋತರೆ ವಿಮಾನವೂ ಇಲ್ಲ, ಡೆನ್ಮಾರ್ಕೂ ಇಲ್ಲ. ಅಂಬಿಗೆ ಅದು ಗೊತ್ತು. ಬೆಳಕು ಹರಿಯುವ ಮೊದಲೇ ಎದ್ದು ಗದ್ದೆ ಬಯಲಿಗೆ ಹೋಗುತ್ತಾಳೆ. ತುಟಿಯ ಗಾಯ ಮಾಗಿದೆ. ಪೆನಾಲ್ಟಿ ತಪ್ಪಿದ್ದಕ್ಕೆ ಮಾತ್ರ ಇನ್ನೂ ಅವಳಿಗೆ ಸಮಾಧಾನವಿಲ್ಲ, ಎರಡು ಗಳ ನೆಟ್ಟುಕೊಂಡು ಅದನ್ನೇ ಹೊಡೆಯುತ್ತಿರುತ್ತಾಳೆ.

ಮೀನಾಕ್ಷಿಗೆ ನನ್ನ ಆಶೀರ್ವಾದ ಹೇಳು. ಮಗುವನ್ನು ಒಮ್ಮೆ ಕರೆದುಕೊಂಡು ಬನ್ನಿ, ಕೆನ್ನೆ ಮುಟ್ಟಿ ಎಷ್ಟು ದಿನವಾಯಿತು. ನಿನ್ನ ಮಾವನವರಿಗೆ ನಮ್ಮ ನಮಸ್ಕಾರ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ
ಶೇಷಮ್ಮ

ತಾ.ಕ.: ಮುಕುಂದ, ನೀನು ಮಂಗಳೂರಿಗೆ ಹೋಗಿರಲಿಲ್ಲ. ಭಾನುವಾರ ಆಟ ಮುಗಿದ ಕೂಡಲೇ ಮಕ್ಕಳಿಗೆ ನೀರು ತರಲು ನಾನು ಮೈದಾನದ ಹೊರಗಿನ ನಲ್ಲಿಗೆ ಬಂದೆ. ನೀನು ನಿನ್ನ ಮಾವನವರ ಜೊತೆ ಬೇಲಿಯ ಹತ್ತಿರ ನಿಂತಿದ್ದೆ. ಯಾರೋ ಒಬ್ಬರು, "ಗೋಲು ಹೊಡೆದ ಹುಡುಗಿ ಮೇಳಿಗೆಯೋಳಂತೆ. ನಿಮ್ಮ ಕಡೆಯೋಳಾ?" ಎಂದು ನಿನ್ನನ್ನು ಕೇಳಿದರು. "ಅಲ್ಲ, ಯಾರೋ ಗೊತ್ತಿಲ್ಲ" ಅಂದೆ ನೀನು. ಕೈ ಚಾಚಿದರೆ ನಿನ್ನ ಬೆನ್ನು ಮುಟ್ಟುವಷ್ಟು ಹತ್ತಿರದಲ್ಲಿದ್ದೆ ನಾನು. ಬರಿಗೊಡ ಹಿಡಿದುಕೊಂಡು ಹಿಂದಕ್ಕೆ ಬಂದುಬಿಟ್ಟೆ. ಬರೆಯಲು ಕೂತು ಕೂತು ಎದ್ದದ್ದು ಇದಕ್ಕೇ.

ಅಂಬಿಗೆ ಹೇಳಿಲ್ಲ. ಅಪ್ಪಯ್ಯನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಏಪ್ರಿಲ್ ನಾಲ್ಕನೆಯ ತಾರೀಖು ಬೆಳಿಗ್ಗೆ ಶಿವಮೊಗ್ಗದಿಂದ ತಂಡದ ರೈಲು, ನಾನೂ ಜೊತೆಗೆ ಹೋಗುತ್ತಿದ್ದೇನೆ. ಬರಬೇಕೆನ್ನಿಸಿದರೆ ಸ್ಟೇಷನ್ನಿಗೆ ಬಂದು ನಿನ್ನ ತಂಗಿಯ ಪಕ್ಕ ನಿಂತುಕೋ. ಬರದಿದ್ದರೂ ರೈಲು ಹೊರಡುತ್ತದೆ, ಅವಳು ಆಡುತ್ತಾಳೆ. ಆದರೆ ಯಾರೇ ಆಗಲಿ, ಎಲ್ಲೇ ಆಗಲಿ, ನಿನ್ನನ್ನು ತೋರಿಸಿ ಇವನು ಯಾರೆಂದು ಕೇಳಿದರೆ, ನಾನು ನನ್ನ ಮಗ ಎಂದೇ ಹೇಳುವುದು.