ಮುತ್ಯಾ ಆರಿಸಿದ ಸಬ್‌ವೂಫರ್

ಬೀದರ್, ಭಾನುವಾರ

ಡೊಳ್ಳುಹೊಟ್ಟೆ ಇಲ್ಲದ ಡೊಳ್ಳಿನ ದೊರೆ, ಹಲಬರ್ಗಾದ ಹಣಮಂತಪ್ಪ ಮುತ್ಯಾನಿಗೆ ಮೊಮ್ಮಗಳ ನಮಸ್ಕಾರ.

ಮೊನ್ನೆ ಸ್ಪೀಕರ್ ಕೊಳ್ಳಲು ಹೋದಾಗ ಅಂಗಡಿಯವ ದಪ್ಪ ದನಿ ಹೊರಡಿಸುವ, ದೀಪ ಮಿನುಗುವ ಸಬ್‌ವೂಫರನ್ನು ಹೊಗಳುತ್ತಿದ್ದಾಗ ನೀವು ಕುರಿ ಕೊಳ್ಳುವವರಂತೆ ಎತ್ತಿ ನೋಡಿ, "ಬರೇ ತುಪ್ಪಳ ಅದರಿ, ಮೈಯಾಗ ಮಾಂಸ ಇಲ್ಲ" ಎಂದಿರಲ್ಲ, ಅವನ ಮುಖ ನೋಡಬೇಕಿತ್ತು! ನೀವು ಆರಿಸಿದ ಅಗ್ಗದ ಕರಿ ಡಬ್ಬಿಯನ್ನೇ ನನ್ನ ಕೋಣೆಯ ಕಂಪ್ಯೂಟರಿಗೆ ಜೋಡಿಸಿ, ನಾನು ಮಾಡಿಕೊಂಡಿದ್ದ ನಿಮ್ಮ ಡೊಳ್ಳಿನ ರೆಕಾರ್ಡಿಂಗ್ ಹಾಕಿದೆ.

ನನ್ನ ಹಳೆಯ ಸ್ಪೀಕರ್ ಡಬ್ಬಿಯಲ್ಲಿ ಅದನ್ನೇ ಕೇಳಿ ನೀವು, "ಎಡಗೈ ಸತ್ತದ, ಇನ್ನ ಸಾಕು" ಎಂದು ಬಾರಿಸುವುದನ್ನೇ ಬಿಟ್ಟಿರಿ. ಮುತ್ಯಾ, ಸತ್ತಿದ್ದು ಆ ಡಬ್ಬಿ; ಎಡಗೈಯ ದಪ್ಪ ದನಿ ಅದರಲ್ಲಿ ಬರುತ್ತಲೇ ಇರಲಿಲ್ಲ. ನಿಮ್ಮ ಎಡಗೈಯ ಒಂದು ಪೆಟ್ಟೂ ತಪ್ಪಿಲ್ಲ. ಬೈಯಲು ಮೇಲೆ ಬಂದ ಮನೆ ಮಾಲಕಿ ಕೇಶರಬಾಯಿ, "ಯಾರವ್ವಾ ಬಾರಿಸ್ಯಾರ? ಇನ್ನೊಮ್ಮಿ ಹಚ್ಚು" ಎಂದು ಕುಳಿತೇಬಿಟ್ಟರು.

ನಾವು ರೆಕಾರ್ಡ್ ಮಾಡಬೇಕಾದ ಇನ್ನೂ ಎರಡು ಹಾಡು ಉಳಿದಿವೆ. ಗುರುವಾರದ ಮೊದಲ ಬಸ್ಸಿಗೆ, ಡೊಳ್ಳಿನ ಹಗ್ಗ ಬಿಗಿಸಿಕೊಂಡು ಬನ್ನಿ.

ನಿಮ್ಮ
ರಾಧಿಕಾ