ಇನ್ನೊಂದು ಕೀ

ನಮ್ಮ ಏರಿಯಾ ಸಹಾಯವಾಣಿಯಲ್ಲಿ ಫೋನ್ ಎತ್ತೋ ಮೇಡಂಗೆ,

ಪಕ್ಕದ ಮನೆ ಸರ್ವಮಂಗಳಾ ಮೊದಲೆಲ್ಲ ಗ್ಯಾಸ್ ಮುಗಿದ್ರೂ, ನಲ್ಲಿ ಕೆಟ್ರೂ ಕಾಂಪೌಂಡ್ ಹತ್ರ ಬಂದು "ಅಕ್ಕಾ" ಅಂತಿದ್ಲು. ಈಗ ಎಲ್ಲಕ್ಕೂ ನಿಮಗೇ ಫೋನು. ನೀವು ತುಂಬಾ ಚೆನ್ನಾಗಿ ಮಾತಾಡ್ತೀರಂತೆ, ನನ್ನ ಹತ್ರಾನೇ ಹೊಗಳ್ತಾಳೆ. ನಾನೇನು ಬೈತಿದ್ನಾ?

ಭಾನುವಾರ ಕೀ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ್ಲು. ನೀವು ಕಳಿಸಿದ ಕಾರ್ಪೆಂಟರ್ ಬಂದು ಲಾಕ್ ಒಡೆದು ಹೊಸದು ಹಾಕಿದ. ಅವಳ ಮನೆಯ ಇನ್ನೊಂದು ಕೀ ವರ್ಷಗಳಿಂದ ನಮ್ಮ ಅಡುಗೆಮನೆ ಮೊಳೆಯಲ್ಲೇ ಇತ್ತು. ಅದನ್ನ ಕೈಯಲ್ಲಿ ಹಿಡ್ಕೊಂಡು, ಈಗ ಕರೀತಾಳೆ ಅಂತ ಕಿಟಕಿ ಹತ್ರ ನಿಂತೇ ಇದ್ದೆ.

ಹೊಸ ಲಾಕಿನ ಕೀ ನನಗಿನ್ನೂ ಕೊಟ್ಟಿಲ್ಲ. ನಿಮ್ಮ ಮಾತಾದ್ರೆ ಕೇಳ್ತಾಳೆ. ಪಕ್ಕದ ಮನೇಲಿ ಒಂದು ಕೊಟ್ಟಿರಿ ಅಂತ ನೀವೇ ಹೇಳಿ. ನಾನು ಬರೆದೆ ಅನ್ಬೇಡಿ. ಹಳೇದನ್ನ ತೆಗೆದು ಮೊಳೆ ಖಾಲಿ ಇಟ್ಟಿದ್ದೀನಿ.

ಇಂತಿ ಪಕ್ಕದ ಮನೆಯ,
ಮುನಿವೆಂಕಟಮ್ಮ, ಇಟ್ಟಮಡು