ಗುಂಡ್ಯಾನ ಕೂದಲು ಮುಗಿಯುವ ತನಕ

ಜನವರಿ 12, ಬೆಳಿಗ್ಗೆ 10

ಮತ್ತೆ ಗುಂಡ್ಯಾ ನಾಯಿಯ ಬೆನ್ನು. ಹೆಬ್ಬೆರಳಿಗೆ ಬೂದಿ, ನಾಲ್ಕೇ ಕೂದಲು ಹಿಡಿ, ಬೆಳೆದ ದಿಕ್ಕಿಗೇ ಎಳೆ. ಸತ್ತ ಕೂದಲು ತಾನಾಗಿ ಬರುತ್ತದೆ, ನೋಯುವುದಿಲ್ಲ. ಟೆರಿಯರ್‌ಗೆ ಮಷಿನ್ ಹಚ್ಚಿದರೆ ಕೂದಲ ಬಣ್ಣ ಹೋಗಿ ಹತ್ತಿಯಾಗುತ್ತದೆ. ನಿಪ್ಪಾಣಿಯಲ್ಲಿ ಯಾರಿಗೆ ಹೇಳಲಿ? ನನ್ನ ಹತ್ತಿರ ನಾಯಿ ತರುವವರಿಗೆಲ್ಲ ಹತ್ತು ನಿಮಿಷದಲ್ಲಿ ಬೋಳಿಸಬೇಕು.

ಟೇಬಲ್ ಮೇಲೆ ನಿಂತೇ ಗುಂಡ್ಯಾನಿಗೆ ನಿದ್ದೆ. ಬಿಸಿಲು. ಹೊರಗೆ ಕಬ್ಬಿನ ಟ್ರಾಲಿಗಳು ಹೋಗುತ್ತಲೇ ಇವೆ... ನನಗೂ ಕಣ್ಣು ಎಳೆಯಿತು.

ಹಸಿಕಡಲೆ ಬಿಡಿಸುತ್ತಿದ್ದ ಕೋಮಲಕ್ಕ ಆಗ ಹೇಳಿದಳು. ಜೈನ ದೀಕ್ಷೆ ತೆಗೆದುಕೊಂಡು, ಮನೆ ಬಿಟ್ಟು ಮಾತಾಜಿ ಆಗುತ್ತಾಳಂತೆ. ಗುಂಡ್ಯಾ ಅವಳ ನಾಯಿ. ಇನ್ನು ನನ್ನದಂತೆ.

"ಇವನ ಕೂದಲ ಮುಗಿಯೂತನಕ ಮನ್ಯಾಗ ಇರ್ತೇನಿ. ಚೊಲೋ ಆಗಿದ್ದ ನೋಡೇ ಹೊಕ್ಕೇನಿ."

ಸಿಟ್ಟು ಬಂತು.

ಜನವರಿ 19

ಉಪಾಯ ಹೊಳೆಯಿತು! ವಾರಕ್ಕೆ ಒಂದೇ ಹಿಡಿ ಕಿತ್ತರೆ, ಬಾಲ ಮುಟ್ಟುವಷ್ಟರಲ್ಲಿ ಕೊರಳಲ್ಲಿ ಹೊಸದು ಬಲಿತಿರುತ್ತದೆ. ಮುಗಿಯುವುದೇ ಇಲ್ಲ. ನಾಯಿ ಗ್ರೂಮಿಂಗ್ ಕೋರ್ಸಿನಲ್ಲಿ ಇದಕ್ಕೆ ರೋಲಿಂಗ್ ಅಂದಿದ್ದರು. ಅಕ್ಕ ಹಟಮಾರಿಯಾದರೆ ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಮಾರ್ಚ್ 9

ಉಪಾಯ ನಡೆದಿದೆ. ಅಕ್ಕನಿಗೆ ಈಗ ಒಂದೇ ಹೊತ್ತು ಊಟ. ಸೀರೆಗಳನ್ನೆಲ್ಲ ಹಂಚಿಬಿಟ್ಟಳು. ನನಗೆ ಹಸಿರು ಇಳಕಲ್. ಉಡುವುದಿಲ್ಲ.

ಮೇ 4, ಮಧ್ಯಾಹ್ನ

ಅಕ್ಕ ಗುಂಡ್ಯಾನ ಮೇಲೆ ಕೈಯಾಡಿಸಿದಳು. ಕೊರಳಿಂದ ಬಾಲದ ತನಕ, ನಿಧಾನ.

"ಪ್ರಾಜೂ, ಇದು ಮುಗಿಯಂಗಿಲ್ಲ. ಹೌದಲ್ಲ?"

ಹೌದು ಅಂದೆ. ಹೋಗಬೇಡ ಅಂದೆ. ಸಣ್ಣ ಹುಡುಗಿಯ ಹಾಗೆ ಅತ್ತೆ. ಅವಳು ಬೈಯಲಿಲ್ಲ, ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಮೇ 11

ಗುಂಡ್ಯಾನ ಕೂದಲು ಒಂದೇ ಸಲಕ್ಕೆ ಕೂತು ಮುಗಿಸಿದೆ. ಐದು ತಾಸು. ಫ್ಯಾನ್ ಗಾಳಿಗೆ ಕೂದಲು ಹಾರಿ ಹಾರಿ ಅಕ್ಕನ ಬಿಳಿ ಸೀರೆಯ ಮೇಲೆ... ಕೊಡವಲಿಲ್ಲ ಅವಳು.

ಆಮೇಲೆ ತುರುಬು ಬಿಚ್ಚಿ ನನ್ನ ಮುಂದೆ ಕೂತಳು. ದೀಕ್ಷೆಯ ದಿನ ಕೇಶಲೋಚ — ತಲೆಗೂದಲನ್ನೆಲ್ಲ ಕೈಯಿಂದಲೇ ಕೀಳುವುದು. ಬೂದಿ ಹಚ್ಚಿಯೇ. ಅದು ನೆನಪಾಗಬಾರದೆಂದೇ ಇಷ್ಟು ದಿನ ನಾಯಿಯನ್ನಷ್ಟೇ ನೋಡುತ್ತಿದ್ದೆ.

"ಒಂದ ಎಳಿ ತಗದ ನೋಡು. ನಾ ತಯಾರ ಅದೀನೋ ಇಲ್ಲೋ, ನಿನ್ನ ಕೈಗೆ ತಿಳಿತೈತಿ."

ಇದು ಸತ್ತ ಕೂದಲಲ್ಲ, ನೋಯುತ್ತದೆ ಅಂದೆ. ಗೊತ್ತು ಅಂದಳು.

ಬೂದಿ ಹಚ್ಚಿಕೊಂಡೆ. ಅದೇ ಕೊಬ್ಬರಿ ಎಣ್ಣೆಯ ವಾಸನೆ, ಚಿಕ್ಕಂದಿನದು. ಕಿವಿಯ ಹಿಂದೆ ಒಂದು ಎಳೆ ಹಿಡಿದೆ. ಗಟ್ಟಿಯಿತ್ತು. ಎಳೆದೆ. ಅಕ್ಕನ ಭುಜ ಅಲುಗಲಿಲ್ಲ. ಎಳೆ ಬೆರಳಲ್ಲಿ ಬಂತು; ಅವಳು ತಯಾರಿದ್ದಾಳೆಂದು ನನ್ನ ಕೈಗೆ ತಿಳಿಯಿತು.